ದಾನಪತ್ರದೊಳಗಿನ ಒಂದು ವಾಕ್ಯ

ವೃದ್ಧರಾದ ತಾಯಿತಂದೆಗಳನ್ನು ನೂರು ಅಕಾರ್ಯಗಳನ್ನು ಮಾಡಿಯಾದರೂ ಪೋಷಿಸತಕ್ಕದ್ದೆಂಬ ವಿಧಿಯನ್ನು ನಮ್ಮ ಧರ್ಮಶಾಸ್ತ್ರಕಾರರು ಮನುವಿನ ಹೆಸರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯಾದರೋ, ಪಿತ್ರಾರ್ಜಿತ ಸ್ವತ್ತಿನಲ್ಲಿ ಪುತ್ರನಿಗೆ ಜನ್ಮದಿಂದಲೇ ಹಕ್ಕುಂಟೆಂದು ಸಾರಿ, ಬಂಗಾಳವನ್ನುಳಿದು ಭರತಖಂಡದ ಬಹುಭಾಗದಲ್ಲಿ ಪ್ರಮಾಣವಾಗಿ ನಿಂತಿತು. ಹಕ್ಕನ್ನು ಕೇಳಿ ಪಡೆಯುವುದಕ್ಕೆ ಮಗನಿಗೆ ನ್ಯಾಯಸ್ಥಾನವಿದ್ದಂತೆ, ಹಸಿದ ತಂದೆ ಸುಲಭವಾಗಿ ತಟ್ಟಬಹುದಾದ ಬಾಗಿಲು ಬಹುಕಾಲ ಇರಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯು ಜೀವನಾಂಶವನ್ನು ಹೆಂಡತಿಗೂ ಮಕ್ಕಳಿಗೂ ಕೊಡಿಸಿತೇ ಹೊರತು ಹೆತ್ತವರನ್ನು ನೆನೆಯಲಿಲ್ಲ. 1956ರ ಹಿಂದೂ ಕಾಯಿದೆ ಅವರನ್ನು ನೆನೆಯಿತು. 1973ರ ಹೊಸ ಸಂಹಿತೆ ಮತಭೇದವಿಲ್ಲದೆ ಎಲ್ಲರ ತಾಯಿತಂದೆಗಳನ್ನೂ ಸೇರಿಸಿಕೊಂಡಿತು. ಮದುವೆಯಾದ ಮಗಳಿಗೂ ಈ ಹೊಣೆ ಉಂಟೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು.

ಆದರೆ ಮುದುಕರಿಗೊದಗುವ ಅನ್ಯಾಯವು ಅನ್ನ ತಪ್ಪಿಸುವುದರಿಂದಲೇ ಆರಂಭವಾಗುವುದಿಲ್ಲ. ಪಿಂಚಣಿಯ ಪಾಸ್‌ಬುಕ್ಕು ಮಗನ ಬೀರುವಿಗೆ ಸೇರುತ್ತದೆ; ಒಡೆದ ಕನ್ನಡಕ ತಿಂಗಳುಗಟ್ಟಲೆ ಒಡೆದೇ ಇರುತ್ತದೆ; ನೆಂಟರು ಅಜ್ಜಿಯನ್ನು ಕೇಳಿದ ಮಾತಿಗೆ ಪಕ್ಕದಲ್ಲಿ ನಿಂತವರು ಉತ್ತರ ಕೊಡುತ್ತಾರೆ; ಅಷ್ಟು ಹೊತ್ತಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ, ಓದಿ ಹೇಳದ ದಾನಪತ್ರಕ್ಕೆ ಆಕೆಯ ಹೆಬ್ಬೆಟ್ಟು ಬಿದ್ದಿರುತ್ತದೆ. ಇವನ್ನು ಕಂಡೂ ಮನೆಯ ವಿಷಯವೆಂದು ಸುಮ್ಮನಾಗುವ ನೆರೆಹೊರೆಯ ಸೌಜನ್ಯವನ್ನು ನಾನು ಸೌಜನ್ಯವೆಂದು ಒಪ್ಪಲಾರೆ.

ಆದಕಾರಣ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯಲ್ಲಿ, ತಿಂಗಳಿಗೆ 10,000 ರೂಪಾಯಿ ಮೀರದಂತೆ ಗೊತ್ತುಮಾಡಿದ ಜೀವನಾಂಶಕ್ಕಿಂತಲೂ ಅದರ 23ನೆಯ ಕಲಮೇ ನನಗೆ ಹಿರಿದಾಗಿ ತೋರುತ್ತದೆ. ತಮ್ಮ ಮೂಲಭೂತ ಸೌಕರ್ಯಗಳನ್ನೂ ದೈಹಿಕ ಅಗತ್ಯಗಳನ್ನೂ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಕೊಟ್ಟ ಸ್ವತ್ತನ್ನು, ಪಡೆದವನು ಆ ಮಾತಿಗೆ ತಪ್ಪಿದ ಪಕ್ಷದಲ್ಲಿ, ವಂಚನೆಯಿಂದಲೋ ಬಲಾತ್ಕಾರದಿಂದಲೋ ಪಡೆದದ್ದೆಂದು ಭಾವಿಸಿ, ಕೊಟ್ಟವರ ಇಚ್ಛೆಯಂತೆ ರದ್ದುಗೊಳಿಸಬಹುದು. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿರುವುದರಿಂದ, ಮಗನ ಮೇಲಿನ ನಂಬಿಕೆ ಎಷ್ಟೇ ಇರಲಿ, ಪತ್ರ ಬರಹಗಾರನಿಂದ ಆ ಒಂದು ವಾಕ್ಯವನ್ನು ಬರೆಯಿಸಿ, ಓದಿಸಿ ಕೇಳಿಕೊಂಡ ಮೇಲೆಯೇ ಹಿರಿಯರು ರುಜು ಹಾಕತಕ್ಕದ್ದು. ಮಾತು ತಪ್ಪಿದಾಗ ದೂರು ಹೋಗಬೇಕಾದದ್ದು ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ. ಅಲ್ಲಿ ವಕೀಲರ ಅಗತ್ಯವಿಲ್ಲ, ಮತ್ತು ನಡೆಯಲಾರದವರ ಪರವಾಗಿ ಅವರು ಒಪ್ಪಿದ ಬೇರೊಬ್ಬರು ಅರ್ಜಿ ಕೊಡಬಹುದು.