ಮುಳ್ಳು ಸುಳ್ಳು ಹೇಳಿದರೆ?

ಮೊನ್ನೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಉರಿಗಾಂನಲ್ಲಿ ಇಳಿದೆ. ಚಿನ್ನದ ಗಣಿಗಳು 2001ರಲ್ಲೇ ಮುಚ್ಚಿದವು. ಸೈನೈಡ್ ದಿಬ್ಬಗಳು ಮಾತ್ರ ಹಾಗೇ ಇವೆ. ಅವನ್ನು ನೋಡುತ್ತಾ, ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದ ನಮ್ಮ ದೊಡ್ಡಪ್ಪ ನೆನಪಾದರು.

ಕೆಲಸಗಾರರನ್ನು ಗಣಿಗೆ ಇಳಿಸುವ ಕೇಜನ್ನು ಮೇಲೆ ಕೂತು ನಡೆಸುವುದು ಅವರ ಕೆಲಸ. ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳ. ಕೆಳಗಿನ ಕೇಜು ಡ್ರೈವರ್‌ಗೆ ಕಾಣುವುದಿಲ್ಲ. ಅವರು ನಂಬಬೇಕಾದದ್ದು ಎರಡನ್ನೇ: ಗಂಟೆ, ಮತ್ತು ಆಳ ತೋರಿಸುವ ಮುಳ್ಳು. ಕೇಜು ನಿಂತಿದ್ದಾಗ ಒಂದು ಗಂಟೆ ಎಂದರೆ ಮೇಲಕ್ಕೆ, ಓಡುವಾಗ ಒಂದು ಎಂದರೆ ನಿಲ್ಲಿಸು. ಎರಡಕ್ಕೆ ಕೆಳಕ್ಕೆ. ಮೂರು ಎಂದರೆ ಹತ್ತುವವರು ಮನುಷ್ಯರು, ಹುಷಾರು!

ದೊಡ್ಡಪ್ಪ ಮುಳ್ಳನ್ನೂ ಪೂರ್ತಿ ನಂಬುತ್ತಿರಲಿಲ್ಲ. ಹಗ್ಗ ಸುತ್ತುವ ಡ್ರಮ್ಮಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿಕೊಂಡಿದ್ದರು. "ಮುಳ್ಳಿನ ಹಲ್ಲುಚಕ್ರ ಜಾರಿದ್ರೆ ಅದು ಸುಳ್ಳು ಹೇಳುತ್ತೆ ಕಣೋ, ಡ್ರಮ್ಮು ಹೇಳಲ್ಲ" ಅನ್ನೋರು.

ಕಂಪನಿಗಳ ಕಾಲದಲ್ಲಿ ಕಾವಲೇನೂ ಕಡಿಮೆ ಇರಲಿಲ್ಲ. ಆದರೆ ಅದರ ಕಣ್ಣೆಲ್ಲ ಚಿನ್ನದ ಕಳ್ಳತನದ ಮೇಲೆ, ಅಂದರೆ ಕೆಲಸಗಾರರ ಮೇಲೆ. ಬೆರಳಚ್ಚು ತೆಗೆದುಕೊಳ್ಳುವುದನ್ನು ವಿರೋಧಿಸಿ 1930ರಲ್ಲಿ ಅವರು ಮುಷ್ಕರವನ್ನೇ ಹೂಡಿದರು.

ಮುಳ್ಳೇ ಸುಳ್ಳು ಹೇಳುವಂತೆ ಯಾರಾದರೂ ಬೇಕೆಂದೇ ಮಾಡಿದರೆ? 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಮಾಡಿದ್ದು ಅದನ್ನೇ. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸೆಂಟ್ರಿಫ್ಯೂಜ್‌ಗಳ ವೇಗ ಕೆಡಿಸುವಾಗ, ಎಲ್ಲ ಸರಿಯಿದ್ದಾಗಿನ ಹಳೆಯ ಅಂಕಿಗಳನ್ನೇ ಮತ್ತೆ ಕಳಿಸುತ್ತಿತ್ತು. ಕಾಯುವವರಿಗೆ ಕಂಡದ್ದು ನೆಮ್ಮದಿಯ ಪರದೆ. ನಮ್ಮಲ್ಲೂ 2019ರ ಅಕ್ಟೋಬರ್ 30ರಂದು, ಕೂಡಂಕುಳಂ ಅಣುಸ್ಥಾವರದ ಆಡಳಿತ ಕೆಲಸದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿದ್ದನ್ನು ಅಣುಶಕ್ತಿ ನಿಗಮ ಒಪ್ಪಿಕೊಂಡಿತು. ಸ್ಥಾವರ ನಡೆಸುವ ಜಾಲ ಬೇರೆಯೇ ಇದ್ದದ್ದರಿಂದ ಅದಕ್ಕೆ ತಗುಲಲಿಲ್ಲ ಎಂದೂ ಹೇಳಿತು.

ಈಗ ಇಂಥ ಕಡೆ ಕಾವಲಿಗೆಂದೇ ವ್ಯವಸ್ಥೆಗಳಿವೆ. ಯಾವ ಕಂಪ್ಯೂಟರು ಯಾವ ಯಂತ್ರಕ್ಕೆ ಏನು ಆಜ್ಞೆ ಕೊಡುತ್ತಿದೆ ಎಂದು ಜಾಲದಲ್ಲೇ ಕಿವಿಗೊಟ್ಟು ಕೇಳಿ, ವಾಡಿಕೆ ತಪ್ಪಿದರೆ ಕೂಗುತ್ತವೆ. ಒಳ್ಳೆಯ ಕಡೆ ಇನ್ನೊಂದು ಉಪಾಯವೂ ಇದೆ. ಯಂತ್ರದ ಅದುರನ್ನೋ ವೇಗವನ್ನೋ ಬೇರೆಯೇ ತಂತಿಯಲ್ಲಿ ಅಳೆದು ಪರದೆಯ ಅಂಕಿಯ ಜೊತೆ ತಾಳೆ ನೋಡುತ್ತಾರೆ. ನನಗೆ ಅದು ದೊಡ್ಡಪ್ಪನ ಬಿಳಿ ಗುರುತೇ ಅನ್ನಿಸುತ್ತದೆ.

ಬೆರಳಚ್ಚು ಕೇಳಿಸಿಕೊಂಡ ಜನರಲ್ಲೇ ಅಂಥ ಕಾವಲುಗಾರರೂ ಇದ್ದರು. ಡ್ರಮ್ಮಿನ ಮೇಲೆ ಗುರುತು ಹಾಕಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕೇಜಿನಲ್ಲಿ ಇದ್ದವರು ಅವರ ಅಕ್ಕಪಕ್ಕದ ಮನೆಯವರು, ಅಷ್ಟೆ.