ಊರಂಚಿನ ಕಲ್ಲುಗಳು

ನಮ್ಮ ಹಳ್ಳಿಗಳಲ್ಲಿ ಅಳಿದವರ ಪೈಕಿ ಹಲವರು ಚಿತೆಯಲ್ಲಿ ಬೂದಿಯಾಗಿ ಹೊಳೆಯನ್ನು ಸೇರುವುದರಿಂದಲೂ, ಹೂಳುವ ಸಂಪ್ರದಾಯದವರು ಹಿರಿಯರನ್ನು ತಮ್ಮ ಹೊಲದ ಬದುವಿನಲ್ಲಿಯೇ ಮಣ್ಣುಮಾಡಿ ಮೇಲೊಂದು ಬರಿಗಲ್ಲನ್ನು ನೆಟ್ಟು ತೃಪ್ತರಾಗುವುದರಿಂದಲೂ, ಹೆಸರು ತಿಥಿಗಳನ್ನು ಕೊರೆದ ಸಮಾಧಿಗಳ ಸಾಲನ್ನೋದಿ ಊರಿನ ಚರಿತ್ರೆಯನ್ನು ಕಟ್ಟುವ ಅನುಕೂಲವು ನಮಗೆ ಬಹುಮಟ್ಟಿಗೆ ಇಲ್ಲ. ಆ ಕೊರತೆಯನ್ನು ತುಂಬಿರುವುವು ಹುಣಿಸೆಯ ನೆರಳಿನಲ್ಲಿ, ಕೆರೆಯ ಏರಿಯಲ್ಲಿ, ಪಾಳುಗುಡಿಯ ಅಂಗಳದಲ್ಲಿ ಅರ್ಧ ಹೂತು ನಿಂತಿರುವ ವೀರಗಲ್ಲುಗಳು, ಸಹಗಮನ ಮಾಡಿದವರ ಮಾಸ್ತಿಗಲ್ಲುಗಳು ಮತ್ತು ಸಲ್ಲೇಖನದಿಂದ ಅಳಿದ ಜೈನರ ನಿಷಿಧಿಗಳು.

ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಇದನ್ನು ಎಲ್ಲರೂ ಬಲ್ಲರು. ಆದರೆ ಪಟ್ಟಿಕೆಗಳ ನಡುವಣ ಸಾಲುಗಳಲ್ಲಿ ತುರುಗೊಳ್ (ದನಗಳ ಅಪಹರಣ), ಪೆಣ್ಬುಯ್ಯಲ್ (ಹೆಂಗಸರ ಮೊರೆ), ಊರಳಿವು (ಊರಿನ ನಾಶ) ಎಂದು ಸಾವಿನ ಕಾರಣವೂ, ಮಡಿದವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ ಭೂಮಿಯ ವಿವರವೂ ದೊರೆಯುವಾಗ, ಅರಸರ ಪ್ರಶಸ್ತಿಗಳಲ್ಲಿ ಎಂದಿಗೂ ಸ್ಥಳ ಪಡೆಯದ ಜನರ ಬಾಳು ನಮ್ಮ ಕಣ್ಣಿಗೆ ಬೀಳುತ್ತದೆ. ಬೆಂಗಳೂರೆಂಬ ಹೆಸರನ್ನು ಸುಮಾರು 9ನೆಯ ಶತಮಾನದ ಕೊನೆಯಷ್ಟು ಹಿಂದಕ್ಕೊಯ್ಯುವ ಬೇಗೂರಿನ ಶಾಸನವೂ, ಬೆಂಗಳೂರ ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿ ಎಂಬವನ ಸ್ಮರಣೆಯೇ ಅಲ್ಲವೆ?

ಮದ್ದೂರಿನ ಬಳಿಯ ಆತಕೂರಿನಲ್ಲಿದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಇವೆಲ್ಲಕ್ಕಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದದ್ದು. ಶಕ 872ನೆಯ, ಎಂದರೆ ಕ್ರಿ.ಶ. 949-50ರ ಆ ಶಾಸನದ ಪ್ರಕಾರ, ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗರ ಬೂತುಗನು ರಾಜಾದಿತ್ಯನನ್ನು ಕೊಂದನು. ಬೂತುಗನ ಆಳಾಗಿ ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಬೆಳತೂರಿನ ಪಶ್ಚಿಮದ ಬೆಟ್ಟದಲ್ಲಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲು, ಎರಡೂ ಪರಸ್ಪರ ಕಾದಾಡಿ ಸತ್ತುವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ನಾಯಿಗೆ ಕಲ್ಲು ನಿಂತಿತು. ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ದತ್ತಿಯಾಯಿತು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ನಾಯಿಯ ಪಾಪವು ತಟ್ಟಲೆಂದು ಬರೆಯಿಸಿದರು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ತಾಮ್ರಶಾಸನಗಳೂ ಸಾರುತ್ತವೆ. ಆದರೆ ಅದೇ ಯುದ್ಧದ ವಾರ್ತೆಯನ್ನು ಕನ್ನಡನಾಡು ಒಂದು ನಾಯಿಯ ಕಲ್ಲಿನ ಮೇಲೆ ಉಳಿಸಿಕೊಂಡಿತು. ಆ ಪ್ರೀತಿಯನ್ನು ನೆನೆದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ.

ಹೀಗಿದ್ದರೂ ಇಂಥ ಕಲ್ಲುಗಳು ಕಾಲುವೆಗೆ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಸವೆಯುತ್ತಿವೆ. ಬಳೆ ತೊಟ್ಟು ಮೇಲೆತ್ತಿದ ಮಾಸ್ತಿಯ ಕೈಯಲ್ಲಿ ಬಳೆಗಳ ಗೆರೆಗಳೇ ಮಾಯವಾಗಿ ತೋಳೊಂದೇ ಉಳಿದುದನ್ನು ಕಂಡು ನಾನು ಸಂಕಟಪಟ್ಟಿದ್ದೇನೆ. ಒಮ್ಮೆ ಒಂದು ಹೊಲದಲ್ಲಿ ಒರಗಿದ್ದ ವೀರಗಲ್ಲಿನ ಮುಂದೆ ನಾನು ಕುಕ್ಕುರುಗಾಲಿನಲ್ಲಿ ಕುಳಿತು ಅಕ್ಷರಗಳಿಗಾಗಿ ತಡಕುತ್ತಿರಲು, ಹೊಲದ ಮುದುಕನು ಚೆಂಬಿನಲ್ಲಿ ನೀರು ತಂದು ಸುರಿದನು. ಒದ್ದೆಯಾದ ಕಲ್ಲಿನಲ್ಲಿ ಸಾಲುಗಳು ಕಪ್ಪಾಗಿ ಎದ್ದುವು.

“ನಮ್ಮ ಹೊಲದ ಸುದ್ದಿ ಏನಾರ ಐತಾ ಸ್ವಾಮಿ ಇದರಾಗೆ?” ಎಂದನು.

ತುರುಗಳ ಮಾತೊಂದು ಕಾಣುತ್ತಿದೆಯೆಂದು ನಾನು ಹೇಳುವಷ್ಟರಲ್ಲಿ ಬಿಸಿಲಿಗೆ ಕಲ್ಲು ಆರತೊಡಗಿತು; ಮುದುಕನು ನಾನು ಕೇಳುವ ಮೊದಲೇ ಮತ್ತೊಂದು ಚೆಂಬು ನೀರಿಗಾಗಿ ಬಾವಿಯ ಕಡೆಗೆ ನಡೆದನು.