ಝೇಯಾದ ಹಡಗುಮನೆಗಳು: ಕಟ್ಟಡದಿಂದ ನೌಕೆಯ ಅಳತೆ

ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿ ಕ್ಯಾಂಥರೋಸ್, ಝೇಯಾ, ಮುನಿಖಿಯಾ ಎಂಬ ಮೂರು ರೇವುಗಳು. ಕ್ರಿ.ಪೂ. 330ರ ಸುಮಾರಿನ ನೌಕಾಶಾಸನಗಳು ಅಲ್ಲಿನ ಹಡಗುಮನೆಗಳ ಲೆಕ್ಕ ಕೊಡುತ್ತವೆ: ಕ್ರಮವಾಗಿ 94, 196, 82, ಒಟ್ಟು 372. ಇವುಗಳಲ್ಲಿ ನಿಲ್ಲುತ್ತಿದ್ದ ಟ್ರೈರೀಮ್, ಅಂದರೆ ಮೂರು ಸ್ತರಗಳಲ್ಲಿ 170 ಮಂದಿ ಹುಟ್ಟು ಹಾಕುತ್ತಿದ್ದ ಯುದ್ಧನೌಕೆ, ಒಂದೂ ಇಡಿಯಾಗಿ ದೊರೆತಿಲ್ಲ. ಹಾಗಾಗಿ ಅದರ ಗಾತ್ರಕ್ಕೆ ಅದು ತಂಗಿದ್ದ ಮನೆಯೇ ಮುಖ್ಯ ಸಾಕ್ಷಿ.

1885ರಲ್ಲಿ ಡ್ರಗಾಟ್ಸಿಸ್ ಝೇಯಾದಲ್ಲಿ ಉತ್ಖನನ ನಡೆಸಿದರು. ನಕ್ಷೆಗಳಲ್ಲಿ ಡೋರ್ಪ್‌ಫೆಲ್ಡ್ ಜೊತೆಯಾದರು. ಕಂಡದ್ದು ಇಷ್ಟು: ಹಿಂಬದಿಯ ಗೋಡೆಯಿಂದ ಕಡಲಿನತ್ತ ಹತ್ತಕ್ಕೆ ಒಂದರಂತೆ ಇಳಿಯುವ ಜಾರುನೆಲ, ಇಕ್ಕೆಲಗಳಲ್ಲಿ ಕಂಬಸಾಲು, ಸಾಲಿನಿಂದ ಸಾಲಿಗೆ ಸುಮಾರು 6.5 ಮೀಟರ್. ಒಂದು ಸಾಲಿನಲ್ಲಿ ಕಂಬಗಳು ಒತ್ತೊತ್ತಾಗಿವೆ, ಅದರ ಪಕ್ಕದ್ದರಲ್ಲಿ ವಿರಳ. ಒಂದು ಸಾಲು ಮಾಡಿನ ನಡುನೆತ್ತಿಯನ್ನೂ ಮತ್ತೊಂದು ಸೂರಿನಂಚನ್ನೂ ಹೊತ್ತಿರಬೇಕೆಂದು ಊಹಿಸಲಾಗಿದೆ; ಅಂದರೆ ಒಂದೊಂದು ಮಾಡಿನಡಿ ಎರಡೆರಡು ನೌಕೆ.

ಗೋಡೆಯ ಬದಲು ಕಂಬಗಳೇಕೆ? ಕಲ್ಲಿನ ಉಳಿತಾಯವೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. ಟ್ರೈರೀಮ್ ಹಗುರವಾಗಿದ್ದರಷ್ಟೇ ವೇಗ. ನೀರಿನಲ್ಲೇ ಬಿಟ್ಟರೆ ಹಲಗೆ ನೀರು ಹೀರಿ ಭಾರವಾಗುತ್ತದೆ, ಹಡಗುಹುಳು ಕೊರೆಯುತ್ತದೆ. ಸಿಸಿಲಿಯ ಯುದ್ಧದಲ್ಲಿ ಸೇನಾಪತಿ ನಿಕಿಯಾಸ್ ತವರಿಗೆ ಬರೆದ ಪತ್ರವನ್ನು ಥ್ಯುಸಿಡಿಡೀಸ್ ಕೊಡುತ್ತಾನೆ: ದಡಕ್ಕೆಳೆದು ಒಣಗಿಸಲಾಗದೆ ನೌಕೆಗಳು ನೆನೆದುಹೋಗಿವೆಯೆಂಬುದು ಅದರ ದೊಡ್ಡ ದೂರು. ಮೇಲೆ ನೆರಳು, ಬದಿಯಲ್ಲಿ ಗಾಳಿ, ಎರಡನ್ನೂ ಒಟ್ಟಿಗೆ ಒದಗಿಸಿದ್ದೇ ಈ ಕಟ್ಟಡದ ಜಾಣ್ಮೆ. ಇದಕ್ಕೆ ಸುರಿದ ಹಣವೂ ಸಣ್ಣದಲ್ಲ. ಸಾವಿರ ಟ್ಯಾಲೆಂಟ್‌ಗೆ ಕಡಿಮೆಯಿಲ್ಲದಂತೆ ವೆಚ್ಚವಾಗಿದ್ದ ಹಡಗುಮನೆಗಳನ್ನು ಮುಂದೆ ಅಥೆನ್ಸನ್ನಾಳಿದ ಮೂವತ್ತು ಮಂದಿ ನಿರಂಕುಶರು ಮೂರು ಟ್ಯಾಲೆಂಟ್‌ಗೆ ಕೆಡವಲು ಕೊಟ್ಟರೆಂದು ಐಸೊಕ್ರಟಿಸ್ ಹೇಳುತ್ತಾನೆ. ಅವನು ವಾಗ್ಮಿ; ಅಂಕಿಯಲ್ಲಿ ಉತ್ಪ್ರೇಕ್ಷೆಯಿರಬಹುದು, ನೋವು ಮಾತ್ರ ನಿಜವಾದದ್ದು.

ಮಾರಿಸನ್ ಮತ್ತು ಕೋಟ್ಸ್ ರೂಪಿಸಿದ, 1987ರಲ್ಲಿ ನೀರಿಗಿಳಿದ 'ಒಲಿಂಪಿಯಾಸ್' ಪ್ರತಿಕೃತಿ ಉದ್ದಕ್ಕೆ ಸುಮಾರು 37 ಮೀಟರ್, ಅಗಲಕ್ಕೆ 5.5 ಮೀಟರ್. ಈ ಮಿತಿಯನ್ನು ಹಾಕಿದ್ದು ಝೇಯಾದ ಮನೆಗಳು. ಇಲ್ಲಿ ಎಚ್ಚರ ಬೇಕು: ಮನೆ ಹೇಳುವುದು ನೌಕೆಯ ಗರಿಷ್ಠ ಗಾತ್ರವನ್ನಷ್ಟೇ. ಉದ್ದದ ವಿಷಯ ಇನ್ನೂ ತೊಡಕಿನದು, ಏಕೆಂದರೆ ಜಾರುನೆಲಗಳ ಕೆಳತುದಿ ಇಂದು ಕಡಲಿನಡಿಯಲ್ಲಿದೆ. 2001ರಿಂದ ಅಲ್ಲಿ ಮುಳುಗಿ ಸರ್ವೇಕ್ಷಣೆ ನಡೆಸಿದ ಬ್ಯೋರ್ನ್ ಲೊವೆನ್ ತಂಡದ ಪ್ರಕಾರ, ನಂತರದ ಹಂತದ ಕೆಲವು ಮನೆಗಳಲ್ಲಿ ಒಂದರ ಹಿಂದೊಂದು ಎರಡು ನೌಕೆಗಳಿಗೆ ಜಾಗವಿತ್ತು. ಅಲ್ಲಿಗೆ ಅಂಥ ಮನೆಯ ಉದ್ದವೇ ನೌಕೆಯ ಉದ್ದವೆನ್ನಲಾಗದು. ನಂಬಬಹುದಾದ ಅಳತೆ ಕಂಬಸಾಲುಗಳ ನಡುವಿನ ಅಗಲ.